‘ಡಿಲೈಟೆಡ್’ ಎನ್ನದ ಊರಿನಲ್ಲಿ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನ ಹತ್ತಿರ ಕೇಳುವುದು ಒಂದೇ ಪ್ರಶ್ನೆ. ಗಿರಾಕಿ ಫೋನಿನಲ್ಲಿ ಬೈದರೆ ಎಂತ ಮಾಡುವುದು ಪ್ರೇಮಕ್ಕ? ಬೈದರೆ ಎಂತ ಮಾಡಲಿಕ್ಕುಂಟು, ಕೇಳಿಸಿಕೊಳ್ಳುವುದು. ಬೈಯುವವನು ಪಾಪದವನು. ಹೊಟ್ಟೆಯಲ್ಲಿದ್ದದ್ದೆಲ್ಲ ಅವನೇ ಹೊರಗೆ ಹಾಕುತ್ತಾನೆ, ನಿಮಗೆ ಬರೆದುಕೊಳ್ಳುವ ಕೆಲಸ ಮಾತ್ರ. ಕಷ್ಟ ಇರುವುದು ಬೈಯದವರ ಹತ್ತಿರ. “ಅಡ್ಡಿಲ್ಲ” ಎಂದು ಒಂದೇ ಮಾತು ಹೇಳಿ ಫೋನ್ ಇಡುತ್ತಾರಲ್ಲ, ಅವರ ವಿಷಯದಲ್ಲಿ ಜಾಗ್ರತೆ. ಅಂಥವರ ಮಾತನ್ನು ನಾನು ವರ್ಷಗಟ್ಟಲೆ ತಪ್ಪು ಜಾಗದಲ್ಲಿ ಬರೆದೆ. ಅದರಿಂದ ನಮ್ಮ ವರ್ಕ್‌ಶಾಪಿನ ಎಲ್ಲರಿಗಿಂತ ಒಳ್ಳೆಯ ಮೆಕ್ಯಾನಿಕ್ ಕೆಲಸ ಕಳೆದುಕೊಂಡು ಮನೆಗೆ ಹೋಗುವುದರಲ್ಲಿದ್ದರು. ಆ ಕಥೆ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಆದರೆ ನನಗೆ ನೆಟ್ಟಗೆ ವಿಷಯಕ್ಕೆ ಬಂದು ಅಭ್ಯಾಸ ಇಲ್ಲ, ಸ್ವಲ್ಪ ತಾಳ್ಮೆ ಬೇಕು.

ನಾನು ಪ್ರೇಮಲತಾ, ಕಾಪುವಿನವಳು. ಉದ್ಯಾವರದಲ್ಲಿ ಹೆದ್ದಾರಿ ಬದಿಯ ಒಂದು ಕಾರು ವರ್ಕ್‌ಶಾಪಿನಲ್ಲಿ ಇಪ್ಪತ್ತನಾಲ್ಕು ವರ್ಷ ಫೋನ್ ಮಾಡಿದವಳು. ಹೌದು, ಫೋನ್ ಮಾಡುವುದೇ ಕೆಲಸ. ಗಾಡಿ ಸರ್ವಿಸ್ ಆಗಿ ಹೋದ ಮೂರನೇ ದಿನ ಗಿರಾಕಿಗೆ ಫೋನ್ ಹಚ್ಚಿ “ಗಾಡಿ ಹೇಗುಂಟು?” ಎಂದು ಕೇಳುವುದು, ಅವರು ಹೇಳಿದ್ದನ್ನು ಬರೆದಿಡುವುದು. ನನ್ನ ಹುದ್ದೆಯ ಹೆಸರನ್ನು ಕಂಪೆನಿಯವರು ಐದು ಸಲ ಬದಲಿಸಿದರು. ಐದು ಸಲವೂ ನಾನು ಮಾಡಿದ್ದು ಅದೇ ಫೋನು. ತುಳುವರ ಹತ್ತಿರ ತುಳು, ಉದ್ಯಾವರದ ಕ್ರಿಶ್ಚಿಯನ್ ಬಾಯಮ್ಮನವರ ಹತ್ತಿರ ಕೊಂಕಣಿ, ಮಣಿಪಾಲದವರ ಹತ್ತಿರ ನನ್ನ ಕೈಲಾದಷ್ಟು ಇಂಗ್ಲಿಷು. ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತೇನೆ, ಓದುವವರಿಗೆ ತಲೆಬಿಸಿ ಬೇಡ.

ಮೊದಲು ನಮ್ಮಲ್ಲಿ ಕಂಪ್ಯೂಟರ್ ಇರಲಿಲ್ಲ, ಒಂದು ಉದ್ದ ಪುಸ್ತಕ ಇತ್ತು. ಆಗಿನ ಮ್ಯಾನೇಜರು ಕಾಮತ್ ಸರ್. ಅವರ ಸೂಚನೆ ಒಂದೇ: ಗಿರಾಕಿ ಹೇಳಿದ್ದನ್ನು ಹೇಳಿದ ಹಾಗೇ ಬರೆ, ನಿನ್ನ ಬುದ್ಧಿ ಖರ್ಚು ಮಾಡಬೇಡ. ಬೆಳಿಗ್ಗೆ ಚಾ ಕುಡಿಯುತ್ತಾ ಅವರು ಆ ಪುಸ್ತಕವನ್ನು ಪೇಪರಿನ ಹಾಗೆ ಓದುತ್ತಿದ್ದರು, ಕೆಲವು ಕಡೆ ಜೋರಾಗಿ ನಗುತ್ತಿದ್ದರು. ಹೂಡೆಯ ಒಬ್ಬ ಮೀನು ವ್ಯಾಪಾರಿ, ಸರ್ವಿಸಿಗೆ ಕೊಟ್ಟ ಮೇಲೆ ಗಾಡಿಯಲ್ಲಿ ವಿಚಿತ್ರ ವಾಸನೆ ಬರುತ್ತದೆ ಎಂದು ಜಗಳಕ್ಕೇ ಬಂದಿದ್ದರು. ನೋಡಿದರೆ ನಮ್ಮವರು ಒಳಗೆಲ್ಲ ಚೆನ್ನಾಗಿ ತೊಳೆದು ಸುಗಂಧ ಹೊಡೆದಿದ್ದರು. ವಿಚಿತ್ರ ವಾಸನೆ ಎಂದರೆ ಅದೇ. ಮೀನಿನ ವಾಸನೆ ಅವರಿಗೆ ವಾಸನೆಯೇ ಅಲ್ಲ. ಕಾಮತ್ ಸರ್ ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ “ಮುಂದೆ ಇವರಿಗೆ ಸುಗಂಧ ಬೇಡ” ಎಂದು ಬರೆದರು.

ನನ್ನ ಎಡವಟ್ಟುಗಳಿಗೂ ಕಡಿಮೆ ಇಲ್ಲ. ಕಾರ್ಕಳ ಕಡೆಯ ಒಬ್ಬರ ಮನೆಗೆ ಫೋನ್ ಮಾಡಿದಾಗ ಹೆಂಡತಿ ಎತ್ತಿದರು. ಮೊನ್ನೆ ಒಂದು ಗಂಟೆಯಲ್ಲಿ ಸರ್ವಿಸ್ ಮುಗಿಸಿ ಕೊಟ್ಟೆವಲ್ಲ, ಗಾಡಿ ಹೇಗುಂಟು ಎಂದು ಕೇಳಿದೆ. ಒಂದು ಗಂಟೆಯಾ ಎಂದು ಅವರು ಎರಡು ಸಲ ಕೇಳಿದರು. ಗಾಡಿ ಎರಡು ದಿನ ವರ್ಕ್‌ಶಾಪಿನಲ್ಲೇ ಇತ್ತು, ತಾನೂ ಅಲ್ಲೇ ಕಾಯುತ್ತಾ ಕೂತಿದ್ದೆ ಎಂದು ಯಜಮಾನರು ಮನೆಯಲ್ಲಿ ಹೇಳಿದ್ದರಂತೆ. ಅವರು ಹೋಗಿದ್ದದ್ದು ಕೋಳಿ ಅಂಕಕ್ಕೆ, ಹುಂಜ ಕಾದಿಸಿ ಪಣ ಕಟ್ಟುವಲ್ಲಿಗೆ. ಮರುದಿನ ಆ ಮನುಷ್ಯ ನನ್ನ ಮೇಜಿನ ಎದುರು ಬಂದು ನಿಂತು, “ನಿಮ್ಮಿಂದ ನನಗೆ ಎರಡು ದಿನ ಗಂಜಿಯೇ ಗತಿ” ಎಂದರು. ಅಂದಿನಿಂದ ಯಾರು ಮಾತಾಡುವುದು ಎಂದು ಕೇಳದೆ ನಾನು ಬಾಯಿ ತೆರೆದವಳಲ್ಲ. ಮಕ್ಕಳೇ, ನೀವೂ ಹಾಗೇ ಮಾಡಿ, ಸಂಸಾರಗಳು ಉಳಿಯುತ್ತವೆ.

ಕಾಮತ್ ಸರ್ ರಿಟೈರ್ ಆದ ಮೇಲೆ ಪುಸ್ತಕ ಹೋಗಿ ಕಂಪ್ಯೂಟರ್ ಬಂತು. ಹೇಳಿದ್ದನ್ನು ಬರೆಯಲಿಕ್ಕೆ ಅದರಲ್ಲಿ ಜಾಗ ಇರಲಿಲ್ಲ. ಐದು ಚೌಕ ಇತ್ತು, ಒಂದಕ್ಕೆ ಟಿಕ್ ಹಾಕಬೇಕು. ಮೇಲಿನಿಂದ ಕೆಳಗೆ ಡಿಲೈಟೆಡ್, ಸ್ಯಾಟಿಸ್ಫೈಡ್, ಆವರೇಜ್, ಅನ್‌ಹ್ಯಾಪಿ, ಆಂಗ್ರಿ. ಕಂಪೆನಿಗೆ ಲೆಕ್ಕಕ್ಕೆ ಬರುವುದು ಮೊದಲನೆಯದು ಒಂದೇ ಎಂದು ಮಣಿಪಾಲದ ಒಂದು ಹೋಟೆಲಿನಲ್ಲಿ ನಮಗೆ ತರಬೇತಿ ಕೊಟ್ಟರು. ತರಬೇತಿ ಕೊಟ್ಟವನು ಚುರುಕಿನವ. ಸ್ಯಾಟಿಸ್ಫೈಡ್ ಎಂದರೆ ಹೇಳಿದ ಕೆಲಸ ಆಯಿತು, ಡಿಲೈಟೆಡ್ ಎಂದರೆ ಹೇಳದ ಕೆಲಸವೂ ಆಯಿತು ಎಂದು ವಿವರಿಸಿದ. ಎಣಿಸದೇ ಇದ್ದದ್ದು ಸಿಕ್ಕಿ ಮುಖ ಅರಳುತ್ತದಲ್ಲ, ಅದು. ವಿವರಣೆ ಚೆನ್ನಾಗಿತ್ತು, ಊಟವೂ ಚೆನ್ನಾಗಿತ್ತು.

ಆ ಶಬ್ದವನ್ನು ಇಲ್ಲಿಯವರಿಗೆ ಹೇಗೆ ಕೇಳುವುದು ಎಂದು ಮಾತ್ರ ಅವನು ಹೇಳಲಿಲ್ಲ. ನಾನು ನಿಘಂಟು ತೆಗೆದು ನೋಡಿದೆ. ‘ಹರ್ಷಭರಿತ’ ಎಂದಿತ್ತು. ಸರಿ, ಮಾರನೇ ದಿನ ಒಬ್ಬರಿಗೆ ಫೋನ್ ಮಾಡಿ, ನಮ್ಮ ಸೇವೆಯಿಂದ ತಾವು ಹರ್ಷಭರಿತರಾಗಿದ್ದೀರೋ ಎಂದು ಗಂಭೀರವಾಗಿ ಕೇಳಿದೆ. ಅವರು ಯಾವ ಮೇಳದ ಆಟ, ಎಲ್ಲಿ, ಎಷ್ಟು ಗಂಟೆಗೆ ಎಂದು ವಿಚಾರಿಸಿದರು. ಯಕ್ಷಗಾನದ ಆಮಂತ್ರಣ ಎಂದು ಎಣಿಸಿದ್ದರು ಪಾಪ. ಮತ್ತೆ ನಾನು ನಿಘಂಟು ಮುಟ್ಟಲಿಲ್ಲ.

ಮಣಿಪಾಲದ ಗಿರಾಕಿಗಳ ಹತ್ತಿರ ಈ ತೊಂದರೆಯೇ ಇಲ್ಲ. ಅಲ್ಲಿ ಹೊರಗಿನಿಂದ ಬಂದ ಪ್ರೊಫೆಸರರು, ಡಾಕ್ಟರರು ತುಂಬ. ನಾನು ಪ್ರಶ್ನೆ ಮುಗಿಸುವ ಮೊದಲೇ ಡಿಲೈಟೆಡ್ ಎನ್ನುತ್ತಿದ್ದರು. ಒಬ್ಬ ಪ್ರೊಫೆಸರು ಹಾಗೆ ಹೇಳಿ, ವಾರ ಕಳೆಯುವುದರಲ್ಲಿ ಅದೇ ಶಬ್ದ ಮಾಡುವ ಗಾಡಿ ತೆಗೆದುಕೊಂಡು ವಾಪಸು ಬಂದರು. ನೀವು ಡಿಲೈಟೆಡ್ ಅಂದಿದ್ರಲ್ಲ ಸರ್ ಎಂದು ಕೇಳಿಯೇಬಿಟ್ಟೆ. ಅದು ನಿಮ್ಮ ಜೊತೆ ಮಾತಾಡಿದ್ದಕ್ಕೆ ಹೇಳಿದ್ದು, ಗಾಡಿಗಲ್ಲ ಎಂದು ಅವರು ನಕ್ಕರು. ಆಗ ನನಗೆ ಅರ್ಥವಾಯಿತು, ಇಂಗ್ಲಿಷಿನವರಿಗೆ ಆ ಶಬ್ದ ಮಾತಿಗೆ ಹಚ್ಚುವ ಬೆಣ್ಣೆ. ಚಾಕ್ಕೆ ಬನ್ನಿ ಎಂದರೂ ಡಿಲೈಟೆಡ್, ಮೀಟಿಂಗಿಗೆ ಬನ್ನಿ ಎಂದರೂ ಡಿಲೈಟೆಡ್. ಅದರಲ್ಲಿ ಸುಳ್ಳೇನೂ ಇಲ್ಲ, ಮರ್ಯಾದೆ ಅಷ್ಟೇ.

ನಮ್ಮವರ ಸ್ವಭಾವ ಇದಕ್ಕೆ ಪೂರಾ ಉಲ್ಟಾ. ನನ್ನ ಅಮ್ಮನನ್ನೇ ತೆಗೆದುಕೊಳ್ಳಿ. ನಾನು ಮಾಡಿದ ಕೋಳಿ ಸಾರಿಗೆ ಮೂರು ಸಲ ರೊಟ್ಟಿ ಹಾಕಿಸಿಕೊಂಡು ತಿಂದು, ಕೈ ತೊಳೆಯುವಾಗ “ಅಡ್ಡಿಲ್ಲ” ಎನ್ನುತ್ತಿದ್ದರು. ಅದಕ್ಕಿಂತ ಮೇಲಿನ ಮಾತು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಹೊಗಳಿದರೆ ದೃಷ್ಟಿಯಾಗುತ್ತದೆ ಎಂಬ ಹೆದರಿಕೆ. ಮಗುವನ್ನು ಚಂದ ಎನ್ನಬಾರದು, ಹಸು ಹಾಲು ಚೆನ್ನಾಗಿ ಕೊಡುತ್ತದೆ ಎನ್ನಬಾರದು. ಗಾಡಿಯ ವಿಷಯದಲ್ಲಂತೂ ಇನ್ನೂ ಕಟ್ಟುನಿಟ್ಟು. ಮುಂದೆ ನಿಂಬೆಹಣ್ಣು, ಮೆಣಸು ಕಟ್ಟಿಕೊಂಡು ಓಡಾಡುವವರು, ಗಾಡಿ ಭಾರೀ ಲಾಯ್ಕುಂಟು ಎಂದು ಫೋನಿನಲ್ಲಿ ಹೇಳುತ್ತಾರಾ? ಹೇಳಿದ ಮರುದಿನ ಪಂಕ್ಚರ್ ಆದರೆ?

ಇದೆಲ್ಲ ಗೊತ್ತಿದ್ದೂ ನಾನು ಮಾಡಿದ್ದು ನೋಡಿ. ಕಂಪ್ಯೂಟರ್ ಬಂದ ಹೊಸದರಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರ ಸ್ವರ ಖುಷಿಯಲ್ಲಿತ್ತು ಎಂದು ನಾನಾಗಿಯೇ ಮೊದಲ ಚೌಕಕ್ಕೆ ಟಿಕ್ ಹಾಕಿದೆ. ಅದೇ ಮೇಷ್ಟ್ರು ಅದೇ ದಿನ ಪುಣೆಯ ಹೆಡ್ ಆಫೀಸಿಗೆ ಎರಡು ಪುಟ ದೂರು ಬರೆದಿದ್ದರು. ಅಷ್ಟು ಹೊತ್ತಿಗೆ ಕರೆಗಳೆಲ್ಲ ರೆಕಾರ್ಡ್ ಆಗಲು ಶುರುವಾಗಿತ್ತು. ಗಿರಾಕಿ ಹೇಳದ್ದನ್ನು ಬರೆದಿದ್ದೀರಿ ಎಂದು ನನಗೆ ನೋಟೀಸು ಬಂತು. ಹನ್ನೆರಡು ವರ್ಷದಲ್ಲಿ ಮೊದಲ ನೋಟೀಸು. ನಾಚಿಕೆಯಿಂದ ಎರಡು ದಿನ ಸರಿ ಊಟ ಮಾಡಲಿಲ್ಲ. ಮತ್ತೆ ಹಠಕ್ಕೆ ಬಿದ್ದೆ. ಇನ್ನು ಮೇಲೆ ಹೇಳಿದ್ದು ಹೇಳಿದ ಹಾಗೇ, ಒಂದು ಅಕ್ಷರ ಆಚೆ ಈಚೆ ಇಲ್ಲ. ಅಡ್ಡಿಲ್ಲ ಎಂದರೆ ಎಂತ? ಅಡ್ಡಿ ಏನೂ ಇಲ್ಲ, ಹೆಚ್ಚಿನದ್ದೂ ಇಲ್ಲ. ಹಾಗಾದರೆ ಆವರೇಜ್. ಮೂರನೇ ಚೌಕ. ನನ್ನ ಈ ತರ್ಕವನ್ನು ನಾನೇ ಮೆಚ್ಚಿಕೊಂಡಿದ್ದೆ.

ಇನ್ನು ವಿಟ್ಠಲಣ್ಣನ ವಿಷಯಕ್ಕೆ ಬರುತ್ತೇನೆ. ಅವರು ಅಜೆಕಾರಿನವರು, ನನಗಿಂತ ಸ್ವಲ್ಪ ಸಣ್ಣ ಪ್ರಾಯ. ದಿನಾ ಮೊದಲ ಬಸ್ಸಿಗೆ ಹೊರಟು ಬರುವವರು. ಶಾಲೆ ಕಲಿತದ್ದು ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿಗೆ ತಾಗಿಸಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಕಂಪ್ಯೂಟರ್ ಹಚ್ಚಿ ಅರ್ಧ ದಿನ ಹುಡುಕಿದರೂ ಸಿಗದ ಶಬ್ದ ಅವರಿಗೆ ಐದು ನಿಮಿಷದಲ್ಲಿ ಸಿಗುತ್ತಿತ್ತು. ಜೊತೆಗೆ ಯಾರೂ ಹೇಳದ ಕೆಲಸ ಮಾಡುವ ಚಾಳಿ. ಕಿರುಗುಟ್ಟುವ ಬಾಗಿಲಿಗೆ ಎಣ್ಣೆ ಬಿಡುವುದು, ಅಲ್ಲಾಡುವ ನಂಬರ್ ಪ್ಲೇಟ್ ಬಿಗಿ ಮಾಡುವುದು. ಬಿಲ್ಲಿನಲ್ಲಿ ಅದು ಬರುವುದಿಲ್ಲ, ಗಿರಾಕಿಗೂ ಹೇಳುವುದಿಲ್ಲ. ಅವರು ನೋಡುವ ಗಾಡಿಗಳೆಲ್ಲ ಅಜೆಕಾರು, ಕಾರ್ಕಳ ಕಡೆಯವು, ಮಣಿಪಾಲದ್ದೆಲ್ಲ ಬೇರೆ ಮೆಕ್ಯಾನಿಕ್‌ಗಳಿಗೆ ಹೋಗುತ್ತಿತ್ತು. ಮೂರನೇ ದಿನ ನಾನು ಫೋನ್ ಮಾಡಿದರೆ ಆ ಕಡೆಯಿಂದ ಒಂದೇ ಉತ್ತರ: ಅಡ್ಡಿಲ್ಲ. ನಾನೂ ಒಂದೇ ಚೌಕಕ್ಕೆ ಟಿಕ್ ಹಾಕುತ್ತಾ ಹೋದೆ.

ಹೀಗೆ ಎಷ್ಟೋ ಕಾಲ ನಡೆಯಿತು, ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಪುಣೆಯವರು ಹೊಸ ನಿಯಮ ತಂದರು. ಯಾವ ಮೆಕ್ಯಾನಿಕ್‌ಗೆ ಎಷ್ಟು ಡಿಲೈಟೆಡ್ ಎಂದು ಆರು ತಿಂಗಳಿಗೊಮ್ಮೆ ಪಟ್ಟಿ. ಎರಡು ಸಲ ಬೆನ್ನುಬೆನ್ನಿಗೆ ಕೆಳಗೆ ಬಂದವರ ಕರಾರು ಮುಂದುವರಿಸುವುದಿಲ್ಲ. ಹೊಸ ಮ್ಯಾನೇಜರ್ ನಿಖಿಲ್ ಕೆಟ್ಟವನಲ್ಲ, ಆದರೆ ಮೇಲಿನಿಂದ ಬಂದದ್ದಕ್ಕೆ ಎದುರು ಹೇಳುವ ಧೈರ್ಯ ಇಲ್ಲದವ. ಎರಡನೇ ಪಟ್ಟಿ ಬಂದ ದಿನ ಅದನ್ನು ಪ್ರಿಂಟ್ ತೆಗೆಯಲು ನನಗೇ ಹೇಳಿದ. ಕಾಗದ ಯಂತ್ರದಿಂದ ಹೊರಗೆ ಬರುತ್ತಿದ್ದ ಹಾಗೆ ಓದಿದೆ. ಕೊನೆಯ ಹೆಸರು ವಿಟ್ಠಲ. ಡಿಲೈಟೆಡ್ ಕೆಳಗೆ ಸೊನ್ನೆ. ಕಳೆದ ಸಲವೂ ಅವರೇ ಕೊನೆಯಂತೆ. ತಿಂಗಳ ಕೊನೆಗೆ ಅವರ ಕೆಲಸ ಮುಗಿದ ಹಾಗೆ. ಐವತ್ತು ದಾಟಿದವರು, ಕೈಯಲ್ಲಿ ಸರ್ಟಿಫಿಕೇಟಿಲ್ಲ. ಬೇರೆ ಯಾವ ಕಂಪೆನಿ ಒಳಗೆ ಬಿಡುತ್ತದೆ ಅವರನ್ನು?

ಆ ಸಾಲನ್ನು ಮತ್ತೆ ಓದಿದೆ. ಆ ಸೊನ್ನೆ ಹಾಕಿದ್ದು ಗಿರಾಕಿಗಳಲ್ಲ, ವಿಟ್ಠಲಣ್ಣನೂ ಅಲ್ಲ, ನಾನು. ಅಮ್ಮನ ಅಡ್ಡಿಲ್ಲ ಎಂದರೆ ಎಂತ ಎಂದು ಗೊತ್ತಿದ್ದ ನಾನೇ.

ಹಳೆಯದನ್ನು ತಿದ್ದಲು ಕಂಪ್ಯೂಟರ್ ಬಿಡುವುದಿಲ್ಲ. ಎಣಿಸಿ ಎಣಿಸಿ ನಾನೊಂದು ಪೆದ್ದು ಉಪಾಯ ಮಾಡಿದೆ. ಇನ್ನು ಉಳಿದ ಮೂರು ವಾರದಲ್ಲಿ ಗಿರಾಕಿಗಳ ಬಾಯಲ್ಲೇ ಆ ಶಬ್ದ ಹೇಳಿಸುವುದು. ಗಾಡಿ ಚೆನ್ನಾಗುಂಟು ಅಲ್ವಾ, ಹಾಗಾದ್ರೆ ಒಂದು ಸಲ ಡಿಲೈಟೆಡ್ ಅನ್ನಿ ಮಾರಾಯ್ರೆ ಎಂದು ಕೇಳಿಕೊಳ್ಳುವುದು. ಕಾರ್ಕಳದ ಒಬ್ಬರು ಅದೆಂತ ಇಂಜೆಕ್ಷನ್ನಾ ಎಂದರು. ಇನ್ನೊಬ್ಬರು ನನ್ನ ಮಾತು ಕೇಳಿ ಗಾಬರಿಯಾಗಿ, ಅರ್ಧ ಗಂಟೆಯಲ್ಲಿ ಗಾಡಿ ಸಮೇತ ವರ್ಕ್‌ಶಾಪಿಗೇ ಬಂದುಬಿಟ್ಟರು. ಇಷ್ಟು ವರ್ಷದಲ್ಲಿ ಇಲ್ಲದ್ದು ಈಗ ಹೊಗಳಿಸಿಕೊಳ್ಳುತ್ತೀರಿ ಎಂದರೆ ಗಾಡಿಗೆ ಏನೋ ಆಗಿದೆ, ನನ್ನ ಹತ್ತಿರ ಮುಚ್ಚಿಡಬೇಡಿ ಎಂದು ಪಟ್ಟು. ಬಾನೆಟ್ ತೆರೆದು ತೋರಿಸಿ, ಎಂತದೂ ಆಗಲಿಲ್ಲ ಎಂದು ಆಣೆ ಹಾಕಿದ ಮೇಲೆ ಹೋದರು. ಉದ್ಯಾವರದ ಸಿಸಿಲಿಯಾ ಬಾಯಮ್ಮ ಮಾತ್ರ ಹೇಳಲು ಒಪ್ಪಿದರು. ಆದರೆ ಹೇಳುವಾಗ ಅವರಿಗೆ ನಗು ಬಂದು, ಅರ್ಧ ಶಬ್ದ ನಗುವಿನಲ್ಲೇ ಹೋಯಿತು. ನಾನೂ ನಕ್ಕೆ. ಅದೂ ರೆಕಾರ್ಡ್ ಆಯಿತು.

ಆ ರೆಕಾರ್ಡ್ ಪುಣೆಗೆ ಹೋಗಿ ಮುಟ್ಟಿತು. ಗಿರಾಕಿಗಳಿಗೆ ಹೇಳಿಕೊಡುವುದು ದೊಡ್ಡ ಅಪರಾಧ ಎಂದು ಅಲ್ಲಿಂದ ಮೆಹ್ತಾ ಎಂಬ ಮೇಡಂ ಖುದ್ದಾಗಿ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಕನ್ನಡ ಒಂದಕ್ಷರ ಬಾರದು. ನಿಖಿಲ್ ಕೋಣೆಯಲ್ಲಿ ನನ್ನನ್ನು ಕೂರಿಸಿ ಕರೆಗಳನ್ನು ಒಂದೊಂದಾಗಿ ಕೇಳಿಸಿದರು. ಇದರಲ್ಲಿ ನೀವು ಎಂತ ಹೇಳುತ್ತಿದ್ದೀರಿ, ಇದರಲ್ಲಿ ಯಾಕೆ ನಗುತ್ತಿದ್ದೀರಿ ಎಂದು ಪ್ರಶ್ನೆ. ನಾನು ಮೊದಲು ತಲೆ ತಗ್ಗಿಸಿಯೇ ಕೂತಿದ್ದೆ. ಆದರೆ ನನಗೆ ಸಿಟ್ಟು ಬರುವುದು ಯಾವಾಗ ಎಂದು ನನಗೇ ಗೊತ್ತಾಗುವುದಿಲ್ಲ.

ಆ ಸಿಟ್ಟಿನಲ್ಲಿ ನನ್ನ ಮುರುಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿಬಿಟ್ಟೆ. ನಮ್ಮ ಊರಿನವರು ಗಾಡಿಯನ್ನು ಹೊಗಳುವುದಿಲ್ಲ ಮೇಡಂ. ಮಕ್ಕಳನ್ನೇ ಹೊಗಳುವುದಿಲ್ಲ. ವಿಟ್ಠಲಣ್ಣನಷ್ಟು ಒಳ್ಳೆಯ ಕೆಲಸಗಾರ ನಿಮಗೆ ಇಡೀ ಪುಣೆಯಲ್ಲಿ ಸಿಗಲಿಕ್ಕಿಲ್ಲ. ಅವರ ಸೊನ್ನೆ ನಾನು ಹಾಕಿದ್ದು. ತೆಗೆಯುವುದಾದರೆ ನನ್ನನ್ನು ತೆಗೆಯಿರಿ. ಹೇಳುತ್ತಾ ಹೇಳುತ್ತಾ ಇಂಗ್ಲಿಷು ಮುಗಿದು ತುಳು ಶುರುವಾಗಿತ್ತು. ನಿಖಿಲ್ ನನಗೆ ಕಣ್ಸನ್ನೆ ಮಾಡಿ ಮಾಡಿ ಸುಸ್ತಾಗಿದ್ದ.

ಮೇಡಂ ಸಿಟ್ಟಾಗಲಿಲ್ಲ. ನೀವು ಹೇಳುವುದನ್ನು ನಾನು ಬರೆದುಕೊಂಡು ಹೋಗಲಿಕ್ಕೆ ಆಗುವುದಿಲ್ಲ, ಗಿರಾಕಿ ಹೇಳಬೇಕು ಎಂದರು. ಪಟ್ಟಿಯ ಮೇಲೆ ಬೆರಳಿಟ್ಟು ವಿಟ್ಠಲಣ್ಣನ ಗಿರಾಕಿಗಳಲ್ಲಿ ಒಂದು ಹೆಸರು ಆರಿಸಿದರು. ಈಗಲೇ ಫೋನ್ ಮಾಡಿ, ಸ್ಪೀಕರಿನಲ್ಲಿ ಇಡಿ, ನನ್ನ ಪ್ರಶ್ನೆಯನ್ನು ನಿಮ್ಮ ಭಾಷೆಯಲ್ಲಿ ಕೇಳಿ, ಅವರ ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಿ, ಒಂದು ಶಬ್ದವೂ ನಿಮ್ಮದು ಸೇರಬಾರದು ಎಂದರು. ನಿಮ್ಮ ಭಾಷೆ ಬಲ್ಲವರು ಪುಣೆಯಲ್ಲೂ ಇದ್ದಾರೆ, ರೆಕಾರ್ಡನ್ನು ಅವರಿಂದ ಕೇಳಿಸುತ್ತೇನೆ ಎಂದೂ ಹೇಳಿದರು.

ಆರಿಸಿದ ಹೆಸರು ಅಜೆಕಾರಿನ ಗಿರಿಜಕ್ಕನದ್ದು. ಗಿರಿಜಕ್ಕ ಎಂದರೆ ಹಿಟ್ಟಿನ ಗಿರಣಿ ಇಟ್ಟುಕೊಂಡ ಅರವತ್ತು ದಾಟಿದ ಹೆಂಗಸು, ಹಳೆಯ ವ್ಯಾನಿನಲ್ಲಿ ಹಿಟ್ಟಿನ ಚೀಲ ಹಾಕಿಕೊಂಡು ತಾವೇ ಓಡಿಸಿಕೊಂಡು ಹೋಗುವವರು. ಮಾತಿನಲ್ಲಿ ಅವರಷ್ಟು ಜಿಪುಣರು ನಮ್ಮ ಇಡೀ ಪಟ್ಟಿಯಲ್ಲಿ ಇನ್ನೊಬ್ಬರಿಲ್ಲ. ಬೇರೆ ಯಾರನ್ನಾದರೂ ಆರಿಸಿ ಎಂದು ಬಾಯಿಯವರೆಗೆ ಬಂತು, ನುಂಗಿಕೊಂಡೆ.

ಫೋನ್ ಎತ್ತಿದರು. ಹಿಂದೆ ಗಿರಣಿ ತಿರುಗುವ ಶಬ್ದ. ಮೊನ್ನೆಯ ಸರ್ವಿಸ್ ಹೇಗಾಯಿತು ಎಂದು ಕೇಳಿದೆ.

“ಅಡ್ಡಿಲ್ಲ.”

ಮೇಡಂಗೆ ಅದನ್ನು ಹೇಳಿದೆ. ಅವರು ತಲೆಯಾಡಿಸಿ ಮೂರನೇ ಚೌಕದ ಕಡೆ ಪೆನ್ನು ತಂದರು. ಇನ್ನೇನಾದರೂ ಹೇಳಲಿಕ್ಕುಂಟಾ ಎಂದು ಕೇಳಲು ಹೇಳಿದರು, ಕೇಳಿದೆ. ಎಂತದೂ ಇಲ್ಲ ಎಂದರು ಗಿರಿಜಕ್ಕ. ಮುಗಿಯಿತು ವಿಟ್ಠಲಣ್ಣನ ಕಥೆ ಎಂದುಕೊಂಡೆ. ಮೇಡಂ ಪೆನ್ನಿನ ಮುಚ್ಚಳ ಹಾಕುತ್ತಾ, ಸುಮ್ಮನೆ ಮುಗಿಸುವ ಮರ್ಯಾದೆಗೆ ಎಂಬಂತೆ ಇನ್ನೊಂದು ಪ್ರಶ್ನೆ ಕೊಟ್ಟರು. ಮುಂದಿನ ಸಲ ಬೇರೆ ಮೆಕ್ಯಾನಿಕ್ ನಿಮ್ಮ ಗಾಡಿ ನೋಡಿದರೆ ಆಗಬಹುದಾ?

ನಾನು ಕೇಳಿದೆ. ಆ ಕಡೆ ಗಿರಣಿಯ ಶಬ್ದ ನಿಂತಿತು. ಮೆಷಿನು ಬಂದ್ ಮಾಡಿಯೇ ಮಾತಾಡಿದರು.

“ಯಾಕೆ, ವಿಟ್ಠಲ ಎಲ್ಲಿಗೆ ಹೋಗ್ತಾನೆ?”

“ಅದು ಗೊತ್ತಿಲ್ಲ ಗಿರಿಜಕ್ಕ.”

“ಗೊತ್ತಾದ ಮೇಲೆ ನನಗೊಂದು ಫೋನ್ ಮಾಡಿ. ಅವ ಎಲ್ಲಿ ಉಂಟೋ ಗಾಡಿ ಅಲ್ಲಿಗೇ ತರ್ತೇನೆ. ಕ್ಲಚ್ಚನ್ನು ನನ್ನ ಗಂಟುನೋವಿನ ಕಾಲಿಗೆ ಸರಿಯಾಗಿ ಹಿಡಿದು ಕೊಡ್ತಾನೆ, ನಾನು ಒಂದು ದಿನವೂ ಹೇಳಿದ್ದಿಲ್ಲ. ಅವ ಸಿಗದಿದ್ರೆ ನಾನು ಗಾಡಿಯೇ ಮಾರ್ತೇನೆ.”

ಫೋನ್ ಇಟ್ಟರು. ನಾನು ನೀರು ಕುಡಿದು ಇಂಗ್ಲಿಷಿನಲ್ಲಿ ಹೇಳಿದೆ. ಒಂದು ಶಬ್ದವೂ ನನ್ನದು ಸೇರಿಸಲಿಲ್ಲ, ಸೇರಿಸಲಿಕ್ಕೆ ಏನೂ ಉಳಿದಿರಲಿಲ್ಲ. ಮೇಡಂ ಪೆನ್ನಿನ ಮುಚ್ಚಳ ಪುನಃ ತೆಗೆದರು. ಮತ್ತೆ ನಾಲ್ಕು ಗಿರಾಕಿಗಳಿಗೆ ಫೋನ್ ಮಾಡಿಸಿ, ಆ ಕೊನೆಯ ಪ್ರಶ್ನೆಯನ್ನೇ ಮೊದಲು ಕೇಳಿಸಿದರು. ಕಾರ್ಕಳದ ಒಬ್ಬರು, ವಿಟ್ಠಲಣ್ಣ ರಜೆ ಹಾಕಿದ ವಾರ ತಾನು ಬ್ರೇಕ್ ಕೂಗುತ್ತಿದ್ದರೂ ಬೇರೆಯವರಿಗೆ ಕೊಡದೆ ಗಾಡಿ ಮನೆಯಲ್ಲೇ ನಿಲ್ಲಿಸಿ ಬಸ್ಸಿನಲ್ಲಿ ತಿರುಗಿದೆ ಎಂದರು. ಇನ್ನೊಬ್ಬರು, ಅವರನ್ನು ತೆಗೆಯುವ ಯೋಚನೆ ಯಾರದ್ದು, ಹೆಸರು ಹೇಳಿ ಎಂದು ನನಗೇ ಜೋರು ಮಾಡಿದರು. ನಿಖಿಲ್ ಕುರ್ಚಿಯಲ್ಲಿ ಸಣ್ಣಗಾಗಿ ಕೂತ. ಐದರಲ್ಲಿ ಒಬ್ಬರೂ ಆ ಇಂಗ್ಲಿಷ್ ಶಬ್ದ ಹೇಳಲಿಲ್ಲ, ಅದಕ್ಕೆ ಹತ್ತಿರದ ಕನ್ನಡ ಶಬ್ದವನ್ನೂ ಹೇಳಲಿಲ್ಲ.

ಹಾಗಾದರೆ ಇದನ್ನು ಡಿಲೈಟೆಡ್ ಎನ್ನಬಹುದಾ ಎಂದು ಮೇಡಂ ನನ್ನನ್ನು ಕೇಳಿದರು. ಡಿಲೈಟೆಡ್ ಇದಕ್ಕಿಂತ ಕೆಳಗೆ ಮೇಡಂ, ಇದಕ್ಕೆ ನಿಮ್ಮಲ್ಲಿ ಚೌಕವೇ ಇಲ್ಲ ಎಂದೆ. ಅವರು ನಕ್ಕುಬಿಟ್ಟರು. ಒಳ್ಳೆಯ ಹೆಂಗಸು, ಈಗಲೂ ಹಬ್ಬಕ್ಕೆ ಮೆಸೇಜ್ ಹಾಕುತ್ತಾರೆ.

ವಿಟ್ಠಲಣ್ಣನ ಕರಾರು ಮುಂದುವರಿಯಿತು. ಗಿರಾಕಿಗಳಿಗೆ ಹೇಳಿಕೊಟ್ಟದ್ದಕ್ಕೆ ನನಗೆ ಎರಡನೇ ನೋಟೀಸೂ ಬಂತು, ಮೇಡಂ ಆ ವಿಷಯದಲ್ಲಿ ರಿಯಾಯಿತಿ ತೋರಿಸಲಿಲ್ಲ. ಆದರೆ ನಮ್ಮ ವರ್ಕ್‌ಶಾಪಿಗೆ ಮಾತ್ರ ಒಂದು ಪ್ರಶ್ನೆ ಹೆಚ್ಚು ಸೇರಿತು: ಮುಂದಿನ ಸಲ ಗಾಡಿ ಯಾರು ನೋಡಬೇಕು? ಮಕ್ಕಳೇ, ನಿಮ್ಮ ಕಂಪ್ಯೂಟರಿನಲ್ಲಿ ಈಗ ಆ ಪ್ರಶ್ನೆ ಇದ್ದರೂ ಇಲ್ಲದಿದ್ದರೂ ಕೇಳಿ. ಹೇಗುಂಟು ಎಂದು ಕೇಳಿದರೆ ನಮ್ಮವರು ಏನೂ ಹೇಳುವುದಿಲ್ಲ. ಇನ್ನು ಮೇಲೆ ಸಿಗುವುದಿಲ್ಲ ಎಂದು ಹೇಳಿ ನೋಡಿ, ಆಗ ಹೇಳುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ನಾನು ಏನೋ ದೊಡ್ಡ ಕೆಲಸ ಮಾಡಿದವಳ ಹಾಗೆ ಆಗುತ್ತದೆ. ಅದು ಸರಿಯಲ್ಲ. ವಿಟ್ಠಲಣ್ಣನ ಹತ್ತಿರ ನಾನು ಒಂದು ಮಾತು ಹೇಳಲಿಕ್ಕಿತ್ತು, ಎರಡು ದಿನ ಧೈರ್ಯ ಬರಲಿಲ್ಲ. ಮೂರನೇ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದ ಮೇಲೆ ಒಳಗೆ ಹೋದೆ. ಅವರು ಒಂದು ಕಾರಿನ ಅಡಿಯಲ್ಲಿ ಮಲಗಿ ಏನೋ ಬಿಚ್ಚುತ್ತಿದ್ದರು. ಕಾಲು ಮಾತ್ರ ಕಾಣುತ್ತಿತ್ತು. ಮುಖ ಕಾಣದ್ದು ಒಳ್ಳೆಯದೇ ಆಯಿತು ಎಂದು ಆ ಕಾಲಿಗೇ ಹೇಳಿದೆ, ಇಷ್ಟು ವರ್ಷ ನಿಮಗೆ ಆವರೇಜ್ ಹಾಕಿದ್ದು ನಾನು ವಿಟ್ಠಲಣ್ಣ ಎಂದು.

ಸ್ಪ್ಯಾನರಿನ ಶಬ್ದ ನಿಂತಿತು. “ಗೊತ್ತುಂಟು ಪ್ರೇಮಕ್ಕ. ಮೊದಲ ಪಟ್ಟಿ ಬಂದಾಗಲೇ ನಿಖಿಲ್ ಸರ್ ತೋರಿಸಿದ್ರು, ಕೆಳಗೆ ಫೋನ್ ಮಾಡಿದವರು ಅಂತ ನಿಮ್ಮ ಹೆಸರಿತ್ತು.”

ನನಗೆ ಸಿಟ್ಟೇ ಬಂತು. ಗೊತ್ತಿದ್ದವರು ನನ್ನ ಹತ್ತಿರ ಒಂದು ಮಾತು ಕೇಳಲಿಕ್ಕೆ ಎಂತ ಆಗಿತ್ತು ಎಂದು ಜೋರು ಮಾಡಿದೆ. ತಪ್ಪು ನನ್ನದು, ಜೋರು ಮಾಡುವವಳೂ ನಾನೇ.

“ಕೇಳಿದ್ರೆ ನೀವು ನನ್ನ ಮುಖ ನೋಡಿ ಬದಲಿಸ್ತಿದ್ರಿ. ಗಿರಾಕಿಗಳು ಹೇಳಿದ್ದನ್ನೇ ನೀವು ಬರೆಯುವುದು ಅಂತ ಎಲ್ಲರಿಗೂ ಗೊತ್ತುಂಟಲ್ಲ. ಹಾಗಾಗಿ ನನ್ನ ಕೈಯೇ ಹೋಯ್ತು ಅಂತ ಎಣಿಸಿದೆ. ಕಿವಿಯೂ ಮೊದಲಿನ ಹಾಗೆ ಇಲ್ಲವೋ ಏನೋ ಅಂತ. ಈಗ ಆರು ತಿಂಗಳಿಂದ ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಬಿಗಿ ಮಾಡಿ ನೋಡ್ತೇನೆ.”

ನಾನು ಅಲ್ಲೇ ಟಯರಿನ ಮೇಲೆ ಕೂತುಬಿಟ್ಟೆ. ಕೆಲಸ ಹೋಗುವುದನ್ನು ಮಾತ್ರ ನಾನು ಲೆಕ್ಕ ಹಾಕಿದ್ದು. ಆ ಸೊನ್ನೆಯನ್ನು ಈ ಮನುಷ್ಯ ನಂಬಿದ್ದ. ಅಳು ಬಂತು, ಸುಳ್ಳು ಯಾಕೆ ಹೇಳಲಿ, ಅತ್ತೆ. ಆಮೇಲೆ ಮೂಗು ಒರೆಸಿಕೊಂಡು, ಆ ದಿನ ಸ್ಪೀಕರಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಬ್ರೇಕ್ ಕೂಗುವ ಗಾಡಿ ನಿಲ್ಲಿಸಿ ಬಸ್ಸಿನಲ್ಲಿ ತಿರುಗಿದವರ ಮಾತು, ಜೋರು ಮಾಡಿದವರ ಮಾತು. ಕೊನೆಗೆ ಗಿರಿಜಕ್ಕನದ್ದು. ಗಿರಣಿ ನಿಲ್ಲಿಸಿದ್ದರಿಂದ ಹಿಡಿದು ಗಾಡಿಯೇ ಮಾರುತ್ತೇನೆ ಎಂದಲ್ಲಿಯವರೆಗೆ, ಅವರು ಹೇಳಿದ್ದು ಹೇಳಿದ ಹಾಗೇ.

ವಿಟ್ಠಲಣ್ಣ ಕಾರಿನಡಿಯಿಂದ ಮೆಲ್ಲಗೆ ಹೊರಗೆ ಜಾರಿ ಬಂದು, ಎಣ್ಣೆ ಕೈಯಲ್ಲೇ ನೆಲ ಊರಿ ಎದ್ದು ಕೂತರು. ನನ್ನ ಮುಖ ನೋಡಲಿಲ್ಲ.

“ಗಿರಿಜಕ್ಕ ಹೇಳಿದ್ದು ಇನ್ನೊಂದು ಸಲ ಹೇಳಿ ಪ್ರೇಮಕ್ಕ” ಎಂದರು.